ಮೊದಲು ಸೂಜಿ, ಆಮೇಲೆ ಔಷಧಿ

ಸಿರೋಸಿಸ್ ಆದವರ ಹೊಟ್ಟೆಯಿಂದ ಪರೀಕ್ಷೆಗೆ ನೀರು ತೆಗೆಯುವುದನ್ನು ಒಮ್ಮೆ ಹತ್ತಿರ ನಿಂತು ನೋಡಬೇಕು. ರೋಗಿಯನ್ನು ಕೊಂಚ ಎಡಕ್ಕೆ ವಾಲಿಸಿ ಮಲಗಿಸಿರುತ್ತಾರೆ. ಹೊಕ್ಕುಳಿಗೂ ಎಡ ಸೊಂಟದ ಮೂಳೆಯ ತುದಿಗೂ ನಡುವೆ ಕಂದು ಅಯೋಡಿನ್ ಬಳಿದಿರುತ್ತದೆ. ಸೂಜಿ ಒಳಗೆ ಹೋಗುವಷ್ಟು ಹೊತ್ತೂ ವೈದ್ಯರು ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಜಗ್ಗುತ್ತಲೇ ಇರುತ್ತಾರೆ. ಒಂದು ಕ್ಷಣ ಕೈಗೆ ಪುಸಕ್ಕನೆ ಸಡಿಲವಾದ ಹಾಗಾಗುತ್ತದೆ. ಅರಿಶಿನ ಕದಡಿ ತಿಳಿಯಾದ ನೀರಿನಂಥದ್ದು ಸಿರಿಂಜಿಗೆ ಏರಿಬರುತ್ತದೆ. ಸೂಜಿ ಬದಲಿಸಿ, ಅದರಲ್ಲಿ 10 ಮಿ.ಲೀ.ನಷ್ಟನ್ನು ಅಲ್ಲೇ, ಮಂಚದ ಪಕ್ಕದಲ್ಲೇ, ರೋಗಾಣು ಬೆಳೆಸಿ ನೋಡುವ ಕಲ್ಚರ್ ಬಾಟಲಿಯ ರಬ್ಬರ್ ಮುಚ್ಚಳ ಚುಚ್ಚಿ ತುಂಬುತ್ತಾರೆ. ಉಳಿದದ್ದು ಜೀವಕೋಶ ಎಣಿಸುವುದಕ್ಕೆಂದು ನೇರಳೆ ಮುಚ್ಚಳದ ಕೊಳವೆಗೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಖರ್ಚೂ ಹೆಚ್ಚಿಲ್ಲ.

ಈ ಹತ್ತು ನಿಮಿಷ ಆಯಿತೋ ಇಲ್ಲವೋ, ಆಂಟಿಬಯೋಟಿಕ್‌ನ ಮೊದಲ ಇಂಜೆಕ್ಷನ್‌ಗಿಂತ ಮುಂಚೆ ಆಯಿತೋ ಆಮೇಲೆ ಆಯಿತೋ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ನಮ್ಮಲ್ಲಿ ರೋಗಿಯ ಕಡೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಹೈ ಪವರ್ ಆಂಟಿಬಯೋಟಿಕ್ ಹಾಕಿದ್ದೀರಾ ಡಾಕ್ಟ್ರೇ?" ಎನ್ನುವುದು. ಲಿವರ್ ಕೆಟ್ಟವರ ಸೋಂಕಿನ ಮಟ್ಟಿಗೆ ಅದು ತಪ್ಪು ಪ್ರಶ್ನೆ. ಔಷಧಿಯ 'ಪವರ್' ಎನ್ನುವುದು ಔಷಧಿಯೊಳಗೆ ಕೂತಿರುವ ಗುಣವೇ ಅಲ್ಲ. ಯಾವ ರೋಗಾಣು, ಅದು ಮನೆಯಿಂದ ಬಂದದ್ದೋ ಆಸ್ಪತ್ರೆಯಲ್ಲಿ ಅಂಟಿದ್ದೋ, ರೋಗಿಯ ಕಿಡ್ನಿ ಎಷ್ಟು ತಡೆದೀತು ಎಂಬ ಲೆಕ್ಕ ಹಾಕಿದ ಮೇಲಷ್ಟೇ ಆ ಮಾತಿಗೆ ಅರ್ಥ ಬರುತ್ತದೆ. ಕಳೆದ ಅರವತ್ತು ವರ್ಷಗಳಲ್ಲಿ ಈ ವಿಷಯದಲ್ಲಿ ಕಲಿತದ್ದನ್ನೂ ಕಲಿತು ಮರೆತದ್ದನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಕೆಲಸ.

ಸಿರೋಸಿಸ್ ಎಂದರೆ ಲಿವರ್ ಗಾಯಗೊಂಡು, ಮಾಗಿ, ಮತ್ತೆ ಗಾಯಗೊಂಡು ಕೊನೆಗೆ ಗಂಟುಗಂಟಾದ ಗಡಸು ಮುದ್ದೆಯಾಗುವುದು. ಕಾರಣ ಮದ್ಯ ಇರಬಹುದು, ಹೆಪಟೈಟಿಸ್ ಬಿ ಅಥವಾ ಸಿ ಇರಬಹುದು. ಒಂದು ತೊಟ್ಟೂ ಕುಡಿಯದ ಸಕ್ಕರೆ ಕಾಯಿಲೆಯವರಲ್ಲಿ ಕೊಬ್ಬು ತುಂಬಿದ ಲಿವರ್ ಕೂಡ ಈಗ ಇದೇ ದಾರಿ ಹಿಡಿಯುತ್ತಿದೆ. ಆರೋಗ್ಯವಂತ ಲಿವರ್ ಒಂದು ಸುಂಕದ ಕಟ್ಟೆ ಇದ್ದ ಹಾಗೆ. ಕರುಳಿನಿಂದ ಬರುವ ರಕ್ತವೆಲ್ಲ ಅದರ ಮೂಲಕವೇ ಹಾಯಬೇಕು. ಅದರೊಂದಿಗೆ ನುಸುಳಿದ ಬ್ಯಾಕ್ಟೀರಿಯಾಗಳನ್ನು ಅಲ್ಲಿನ ಕುಫರ್ ಕೋಶಗಳು ಹಿಡಿದು ನುಂಗುತ್ತವೆ. ಸಿರೋಸಿಸ್‌ನಲ್ಲಿ ರಕ್ತ ಈ ಕಟ್ಟೆಯನ್ನು ಬಳಸಿ ಅಡ್ಡದಾರಿಗಳಲ್ಲಿ ಹರಿಯತೊಡಗುತ್ತದೆ. ಕರುಳಿನ ಗೋಡೆಯೂ ಸೋರುತ್ತದೆ. ರೋಗಾಣುಗಳಿಗೆ ಗುರುತು ಅಂಟಿಸಿ ಬಿಳಿರಕ್ತಕಣಗಳಿಗೆ ತೋರಿಸಿಕೊಡುವ ಕಾಂಪ್ಲಿಮೆಂಟ್ ಪ್ರೋಟೀನುಗಳನ್ನು ತಯಾರಿಸುವುದೂ ಲಿವರ್ರೇ ಆದ್ದರಿಂದ ಅವೂ ಕಡಿಮೆ. ಇಷ್ಟರ ಮೇಲೆ ಹೊಟ್ಟೆಯಲ್ಲಿ ನಿಂತ ನೀರು, ಅಂದರೆ ಜಲೋದರ. ಅದರಲ್ಲಿ ಪ್ರೋಟೀನು ತೀರ ಕಡಿಮೆಯಿದ್ದರೆ ರೋಗಾಣುವಿಗೆ ಹೇಳುವವರು ಕೇಳುವವರು ಇಲ್ಲ.

ಆಸ್ಪತ್ರೆಗೆ ದಾಖಲಾಗುವ ಸಿರೋಸಿಸ್ ರೋಗಿಗಳಲ್ಲಿ ಸರಿಸುಮಾರು ಮೂರರಲ್ಲಿ ಒಬ್ಬರಿಗೆ ಬ್ಯಾಕ್ಟೀರಿಯಾ ಸೋಂಕು ಇರುತ್ತದೆ ಅಥವಾ ಅಲ್ಲಿದ್ದಾಗ ಬರುತ್ತದೆ. ಹೊಟ್ಟೆಯ ನೀರು, ಮೂತ್ರ, ಶ್ವಾಸಕೋಶ, ಕಾಲಿನ ಬಾತ ಚರ್ಮ, ರಕ್ತ, ಹೀಗೆ ಎಲ್ಲಿ ಬೇಕಾದರೂ. 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಸೋಂಕು ಬಂದ ಸಿರೋಸಿಸ್ ರೋಗಿ ಸಾಯುವ ಸಂಭವ ಸುಮಾರು ನಾಲ್ಕು ಪಟ್ಟು ಏರುತ್ತದೆ ಎಂದು ಕಂಡಿತು. ನೂರರಲ್ಲಿ ಮೂವತ್ತು ಮಂದಿ ತಿಂಗಳೊಳಗೆ, ಇನ್ನೂ ಮೂವತ್ತು ಮಂದಿ ವರ್ಷದೊಳಗೆ.

ಇಷ್ಟು ಅಪಾಯದ ಸೋಂಕು ಗದ್ದಲ ಮಾಡಿಕೊಂಡು ಬರುವುದಿಲ್ಲ ಎನ್ನುವುದೇ ಕಷ್ಟ. ಜ್ವರ ಇರದಿರಬಹುದು. ಸಿರೋಸಿಸ್ ರೋಗಿಯ ಬಿಳಿರಕ್ತಕಣಗಳ ಸಂಖ್ಯೆ ಮೊದಲೇ ಕಡಿಮೆ. ಅದು ಏರಿ ನಿಂತರೂ 'ನಾರ್ಮಲ್' ಎಂದೇ ರಿಪೋರ್ಟಿನಲ್ಲಿ ಬರುತ್ತದೆ. ಹೊಟ್ಟೆ ಒತ್ತಿದರೆ ನೋವೂ ಇರದೆ ಹೋಗಬಹುದು. ಮನೆಯವರು ಹೇಳುವುದು ಬೇರೆಯೇ: "ನಿನ್ನೆಯಿಂದ ಮಾತು ಒಂಥರಾ ತೊದಲ್ತಾ ಇದೆ," "ರಾತ್ರಿ ಎಲ್ಲ ಎಚ್ಚರ, ಹಗಲು ನಿದ್ದೆ," "ಮೂತ್ರ ಕಡಿಮೆ ಆಗಿದೆ." ಇದನ್ನು ಕೇಳಿಸಿಕೊಂಡವರು ಹೊಟ್ಟೆಗೆ ಸೂಜಿ ಹಾಕಬೇಕು. ಆ ನೀರಿನ ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳು 250 ಅಥವಾ ಹೆಚ್ಚಿದ್ದರೆ ಸೋಂಕು ಎಂದೇ ಲೆಕ್ಕ. ಕಲ್ಚರ್ ಬರುವ ತನಕ ಕಾಯುವಂತಿಲ್ಲ. ಕಲ್ಚರಿನಲ್ಲಿ ಎಷ್ಟೋ ಸಲ ಏನೂ ಬೆಳೆಯುವುದೂ ಇಲ್ಲ, ಏಕೆಂದರೆ ಇಷ್ಟು ನೀರಿನಲ್ಲಿ ರೋಗಾಣುಗಳ ಸಂಖ್ಯೆ ಬಹಳ ಕಡಿಮೆ. ಚಿಕ್ಕ ಕೊಳವೆಯಲ್ಲಿ ಚೂರು ನೀರು ಕಳಿಸುವುದಕ್ಕೂ ಮಂಚದ ಪಕ್ಕದಲ್ಲೇ ಬಾಟಲಿಗೆ 10 ಮಿ.ಲೀ. ತುಂಬುವುದಕ್ಕೂ ವ್ಯತ್ಯಾಸ ಆಗುವುದು ಇದಕ್ಕೇ.

ರಕ್ತ ಹೆಪ್ಪುಗಟ್ಟುವ ಪರೀಕ್ಷೆಯ ಸಂಖ್ಯೆ ಚೆನ್ನಾಗಿಲ್ಲ, ಪ್ಲೇಟ್ಲೆಟ್ ಕಡಿಮೆ ಇದೆ ಎಂದು ಈ ಸೂಜಿಯನ್ನು ಮುಂದೂಡುವುದು ಅಪರೂಪವಲ್ಲ. ಸಿರೋಸಿಸ್‌ನಲ್ಲಿ ಆ ಸಂಖ್ಯೆಗಳು ಯಾವತ್ತೂ ಚೆನ್ನಾಗಿರುವುದಿಲ್ಲ. ಅದೊಂದೇ ಕಾರಣಕ್ಕೆ ನೀರು ತೆಗೆಯುವುದನ್ನು ತಡೆಯಬೇಕಿಲ್ಲ. 2014ರ ಅಮೆರಿಕದ ಒಂದು ಅಧ್ಯಯನದಲ್ಲಿ, ದಾಖಲಾದ 12 ಗಂಟೆಯೊಳಗೆ ನೀರು ತೆಗೆಸಿಕೊಂಡವರಿಗಿಂತ ತಡವಾದವರಲ್ಲಿ ಸಾವು ಎರಡೂವರೆ ಪಟ್ಟಿಗೂ ಮೀರಿ ಹೆಚ್ಚಿತ್ತು. ಭಾನುವಾರ, ರಾತ್ರಿ ಪಾಳಿ, 'ನಾಳೆ ಸ್ಕ್ಯಾನ್ ಮಾಡಿಸಿ ತೆಗೆಯೋಣ' ಎಂಬ ಮಾತು, ಇವೆಲ್ಲ ಆ ಅಂಕಿಯೊಳಗೆ ಸೇರಿಕೊಂಡಿವೆ ಎಂದು ನನ್ನ ಅನುಮಾನ.

ಈ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿದ್ದೇ ಈಚೆಗೆ. ಕರುಳು ತೂತಾಗದೆ, ಹೊಟ್ಟೆಯಲ್ಲಿ ಬೇರೆ ಯಾವ ಹುಣ್ಣೂ ಇಲ್ಲದೆ ನೀರಿಗೆ ತಾನಾಗಿ ತಗಲುವ ಈ ಸೋಂಕನ್ನು 1964ರಲ್ಲಿ ಅಮೆರಿಕದ ಹೆರಾಲ್ಡ್ ಕಾನ್ ವಿವರಿಸಿದರು. ಆಗ ಹೀಗಾದವರಲ್ಲಿ ಬದುಕುತ್ತಿದ್ದವರು ಬೆರಳೆಣಿಕೆಯಷ್ಟು. ಮುಂದೆ ರೂಢಿಗೆ ಬಂದ ಚಿಕಿತ್ಸೆ ಆಂಪಿಸಿಲಿನ್ ಜೊತೆಗೆ ಜೆಂಟಾಮೈಸಿನ್, ಟೋಬ್ರಾಮೈಸಿನ್ ಥರದ ಅಮಿನೋಗ್ಲೈಕೋಸೈಡ್. ರೋಗಾಣುವಿನ ದೃಷ್ಟಿಯಿಂದ ಆಯ್ಕೆ ಸರಿಯೇ. ರೋಗಿಯ ದೃಷ್ಟಿಯಿಂದ ಅಲ್ಲ; ಇವು ಕಿಡ್ನಿಯನ್ನು ತಿನ್ನುವ ಔಷಧಿಗಳು. ಸೋಂಕು ಇಳಿಯುತ್ತಿತ್ತು, ರೋಗಿ ಮೂತ್ರ ನಿಂತು ಹೋಗುತ್ತಿದ್ದ. 1985ರಲ್ಲಿ ಬಾರ್ಸಿಲೋನಾದ ವೈದ್ಯರು ಸಿರೋಸಿಸ್‌ನ ತೀವ್ರ ಸೋಂಕುಗಳಲ್ಲಿ ಈ ಜೋಡಿಯನ್ನು ಆಗ ಹೊಸದಾಗಿದ್ದ ಸೆಫೋಟಾಕ್ಸಿಮ್ ಜೊತೆ ಹೋಲಿಸಿದರು. ಹಳೆಯ ಜೋಡಿಯಿಂದ ಶೇ. 56 ಮಂದಿ ಗುಣವಾದರೆ, ಸೆಫೋಟಾಕ್ಸಿಮ್‌ನಿಂದ ಶೇ. 85. ಕಿಡ್ನಿಗೂ ತೊಂದರೆ ಕಾಣಲಿಲ್ಲ. ಅಲ್ಲಿಂದ ಮುಂದೆ ಮೂರನೇ ತಲೆಮಾರಿನ ಸೆಫಲೋಸ್ಪೋರಿನ್‌ಗಳು, ನಮ್ಮಲ್ಲಿ ಹೆಚ್ಚಾಗಿ ಸೆಫ್‌ಟ್ರಿಯಾಕ್ಸೋನ್, ಈ ಸೋಂಕಿನ ಮೊದಲ ಔಷಧಿಯಾಗಿ ಕೂತವು. 1991ರಲ್ಲಿ ಬ್ರೂಸ್ ರನ್ಯನ್ ಮತ್ತು ಸಂಗಡಿಗರು ಐದು ದಿನದ ಕೋರ್ಸೂ ಹತ್ತು ದಿನದ ಕೋರ್ಸಿನಷ್ಟೇ ಫಲ ಕೊಡುತ್ತದೆಂದು ತೋರಿಸಿದರು. ಮೂವತ್ತು ವರ್ಷ ದಾಟಿದರೂ ಹತ್ತು ದಿನ, ಹದಿನಾಲ್ಕು ದಿನ ಬರೆಯುವ ಕೈಗಳು ಇನ್ನೂ ಇವೆ.

ನನ್ನ ಮಟ್ಟಿಗೆ ಈ ಚರಿತ್ರೆಯ ದೊಡ್ಡ ತಿರುವು ಆಂಟಿಬಯೋಟಿಕ್ಕೇ ಅಲ್ಲ. ಸೆಫೋಟಾಕ್ಸಿಮ್ ಬಂದ ಮೇಲೂ ಮೂರರಲ್ಲಿ ಒಬ್ಬರಿಗೆ, ಸೋಂಕು ವಾಸಿಯಾಗುತ್ತಿದ್ದಾಗಲೇ, ಕಿಡ್ನಿ ಕೈಕೊಡುತ್ತಿತ್ತು. ಸೋಂಕಿನ ಉರಿಯಲ್ಲಿ ರಕ್ತನಾಳಗಳು ಸಡಿಲಗೊಂಡು ಕಿಡ್ನಿಗೆ ಹರಿಯುವ ರಕ್ತ ಬತ್ತುವುದು ಅದಕ್ಕೆ ಕಾರಣ. 1999ರಲ್ಲಿ ಸ್ಪೇನಿನ ಆಸ್ಪತ್ರೆಗಳಲ್ಲಿ 126 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಅರ್ಧದಷ್ಟು ಜನರಿಗೆ ಬರೀ ಸೆಫೋಟಾಕ್ಸಿಮ್ ಕೊಟ್ಟರು, ಉಳಿದವರಿಗೆ ಅದರ ಜೊತೆ ಅಲ್ಬುಮಿನ್: ಮೊದಲ ದಿನ ದೇಹತೂಕದ ಕಿಲೋಗೆ ಒಂದೂವರೆ ಗ್ರಾಂ, ಮೂರನೇ ದಿನ ಒಂದು ಗ್ರಾಂ. ಕಿಡ್ನಿ ಹಾಳಾಗುವುದು ಶೇ. 33ರಿಂದ 10ಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿನ ಸಾವು ಶೇ. 29ರಿಂದ 10ಕ್ಕೆ. ರೋಗಾಣುವಿನ ಕೂದಲೂ ಕೊಂಕಿಸದ ಒಂದು ಪ್ರೋಟೀನು ಆಂಟಿಬಯೋಟಿಕ್‌ನ ಕೆಲಸವನ್ನು ಪೂರ್ತಿ ಮಾಡಿಕೊಟ್ಟಿತು! ಲೆಕ್ಕ ಮಾತ್ರ ಬಡವರದಲ್ಲ. 60 ಕಿಲೋ ತೂಕದವರಿಗೆ ಮೊದಲ ದಿನ 90 ಗ್ರಾಂ, ಮೂರನೇ ದಿನ 60 ಗ್ರಾಂ. 20 ಗ್ರಾಂನ ಬಾಟಲಿಗಳಲ್ಲಿ ಏಳೂವರೆ. ಒಂದೊಂದು ಬಾಟಲಿಗೂ ಸಾವಿರಗಳ ಲೆಕ್ಕದಲ್ಲಿ ಬೆಲೆ. ಎಷ್ಟೋ ಕಡೆ 'ಎರಡು ಬಾಟಲಿ ಹಾಕೋಣ' ಎಂಬಲ್ಲಿಗೆ ರಾಜಿಯಾಗುತ್ತದೆ. ಅದೇ ಬಿಲ್ಲಿನಲ್ಲಿ ಬೇಕಿರದ ದುಬಾರಿ ಆಂಟಿಬಯೋಟಿಕ್ ಒಂದು ವಾರ ಹೆಚ್ಚಿಗೆ ಓಡಿರುತ್ತದೆ. ಹಾಗೆಂದು ಎಲ್ಲ ಸೋಂಕಿಗೂ ಅಲ್ಬುಮಿನ್ ಸುರಿಯುವುದಕ್ಕೂ ಆಧಾರವಿಲ್ಲ. ಹೊಟ್ಟೆಯ ನೀರಿನದಲ್ಲದ ಸೋಂಕುಗಳಲ್ಲಿ ಅದರಿಂದ ಜೀವ ಉಳಿದದ್ದು ಸಾಬೀತಾಗಿಲ್ಲ.

ಕಿಡ್ನಿಯ ಮಾತು ಬಂದದ್ದರಿಂದ ಇಲ್ಲೇ ಹೇಳಿಬಿಡಬೇಕು. "ಈ ಮಾತ್ರೆ ಲಿವರ್‌ಗೆ ಹೊಡೆತ ಅಲ್ವಾ?" ಎಂದು ಕೇಳುವವರೇ ಎಲ್ಲರೂ. ಸಿರೋಸಿಸ್ ರೋಗಿಗೆ ಆಂಟಿಬಯೋಟಿಕ್‌ನಿಂದ ಬರುವ ದೊಡ್ಡ ಹೊಡೆತ ಬಹುಪಾಲು ಲಿವರ್‌ಗಲ್ಲ, ಕಿಡ್ನಿಗೆ. ಅಮಿಕಾಸಿನ್, ಕೊಲಿಸ್ಟಿನ್, ವ್ಯಾಂಕೋಮೈಸಿನ್ ಈ ಸಾಲಿನವು. ಇನ್ನೊಂದು ಮೋಸವೂ ಇದೆ. ಕಿಡ್ನಿಯ ಸ್ಥಿತಿ ತಿಳಿಯಲು ನಾವು ನೋಡುವ ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ. ಸಿರೋಸಿಸ್ ರೋಗಿಯ ತೋಳು ತೊಡೆ ಸೊರಗಿ ಕಡ್ಡಿಯಾಗಿರುತ್ತವೆ. ಹೊಟ್ಟೆ ಮಾತ್ರ ಮುಂದೆ. ಹಾಗಾಗಿ ರಿಪೋರ್ಟಿನಲ್ಲಿ 1.0 ಎಂದು ಕಂಡರೂ ಕಿಡ್ನಿ ಅರ್ಧ ಸೋತಿರಬಹುದು.

ಲಿವರ್‌ನ ಭಯ ಪೂರ್ತಿ ಸುಳ್ಳೂ ಅಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಔಷಧಿಯಿಂದ ಲಿವರ್ ಕೆಡುವ ಪ್ರಕರಣಗಳಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಮೊದಲ ಸ್ಥಾನದ ಔಷಧಿ. ಕೋರ್ಸ್ ಮುಗಿದು ವಾರಗಳಾದ ಮೇಲೆ ಕಾಮಾಲೆ ಬರುವುದು ಅದರ ರೀತಿ, ಆದ್ದರಿಂದ ಅದರ ಮೇಲೆ ಯಾರಿಗೂ ಸಂಶಯವೇ ಬರುವುದಿಲ್ಲ. ನಮ್ಮಲ್ಲಿ ಚಿತ್ರ ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಹರ್ಷದ್ ದೇವರಭಾವಿ ಮತ್ತು ಸಂಗಡಿಗರು ಹನ್ನೆರಡು ವರ್ಷ ಕಂಡ ಇಂಥ 313 ರೋಗಿಗಳ ವಿವರವನ್ನು 2010ರಲ್ಲಿ ಪ್ರಕಟಿಸಿದರು. ಅದರಲ್ಲಿ ಶೇ. 58ಕ್ಕೆ ಕಾರಣ ಕ್ಷಯದ ಔಷಧಿಗಳು. ಈ ಅಂಕಿ ಸಿರೋಸಿಸ್ ರೋಗಿಗೆ ಯಾಕೆ ಮುಖ್ಯ ಎನ್ನುವುದಕ್ಕೆ ಮುಂದೆ ಬರುತ್ತೇನೆ.

ಈಗ ಪ್ರಶ್ನೆಯ ಗಂಟು ಇರುವ ಜಾಗ. ಬಾರ್ಸಿಲೋನಾದಲ್ಲಿ 1985ರಲ್ಲಿ ಗೆದ್ದ ಔಷಧಿ ಇವತ್ತು ಹುಬ್ಬಳ್ಳಿಯಲ್ಲೋ ಕಲಬುರಗಿಯಲ್ಲೋ ಗೆಲ್ಲುತ್ತದೆಯೇ? ಸ್ವತಃ ಬಾರ್ಸಿಲೋನಾದವರೇ 2012ರಲ್ಲಿ ಉತ್ತರದ ಒಂದು ಭಾಗ ಕೊಟ್ಟರು. ಮನೆಯಿಂದ ಬಂದ ಸೋಂಕುಗಳಲ್ಲಿ ಹಲವು ಔಷಧಿಗಳಿಗೆ ಬಗ್ಗದ ರೋಗಾಣು ಶೇ. 4 ಮಾತ್ರ. ಈಚೆಗೆ ಆಸ್ಪತ್ರೆಯ ನಂಟಿದ್ದವರಲ್ಲಿ, ಅಂದರೆ ಡಯಾಲಿಸಿಸ್‌ಗೆ ಹೋಗುವವರು, ಮೂರು ತಿಂಗಳೊಳಗೆ ದಾಖಲಾಗಿದ್ದವರು ಇಂಥವರಲ್ಲಿ, ಶೇ. 14. ಆಸ್ಪತ್ರೆಯಲ್ಲೇ ಅಂಟಿಸಿಕೊಂಡವರಲ್ಲಿ ಶೇ. 35. ರೂಢಿಯ ಔಷಧಿಗಳು ಮೊದಲನೆಯವರಲ್ಲಿ ಶೇ. 83ರಷ್ಟು ಕೆಲಸ ಮಾಡಿದರೆ ಕೊನೆಯವರಲ್ಲಿ ಶೇ. 40 ಮಾತ್ರ. ಅಂದಿನಿಂದ ಯುರೋಪಿನ ಮಾರ್ಗಸೂಚಿಗಳು ಔಷಧಿಯ ಹೆಸರಿಗಿಂತ ಮೊದಲು ಕೇಳುವ ಪ್ರಶ್ನೆ: ಈ ಸೋಂಕು ಎಲ್ಲಿಂದ ಬಂತು? ಮನೆಯಿಂದಾದರೆ ಸೆಫ್‌ಟ್ರಿಯಾಕ್ಸೋನ್ ಥರದ್ದು. ಆಸ್ಪತ್ರೆಯಿಂದಾದರೆ ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್, ಬಗ್ಗದ ರೋಗಾಣು ಹೆಚ್ಚಿರುವ ಊರಾದರೆ ಮೆರೊಪೆನೆಮ್, ಬೇಕಿದ್ದರೆ ಅದರ ಜೊತೆಗೆ ಗ್ರಾಂ-ಪಾಸಿಟಿವ್ ರೋಗಾಣುಗಳಿಗೆ ಇನ್ನೊಂದು. ಇಟಲಿಯ ಪಡುವಾದಲ್ಲಿ 2016ರ ಒಂದು ಪುಟ್ಟ ಪ್ರಯೋಗ ಇದನ್ನು ಎದ್ದುಕಾಣುವಂತೆ ತೋರಿಸಿತು. ಆಸ್ಪತ್ರೆಯಲ್ಲಿ ಬಂದ ಹೊಟ್ಟೆನೀರಿನ ಸೋಂಕಿಗೆ ಮೆರೊಪೆನೆಮ್ ಮತ್ತು ಡಾಪ್ಟೋಮೈಸಿನ್ ಜೋಡಿ ಶೇ. 87ರಷ್ಟು ಫಲ ಕೊಟ್ಟರೆ ಸೆಫ್ಟಾಜಿಡಿಮ್ ಶೇ. 25.

ಉತ್ತರದ ಇನ್ನೊಂದು ಭಾಗ ನಮ್ಮದು. 2015-16ರಲ್ಲಿ ನಾಲ್ಕು ಖಂಡಗಳ 46 ಆಸ್ಪತ್ರೆಗಳು ಸೇರಿ 1302 ರೋಗಿಗಳನ್ನು ಅಧ್ಯಯನ ಮಾಡಿದಾಗ, ಹಲವು ಔಷಧಿಗಳಿಗೆ ಬಗ್ಗದ ರೋಗಾಣುಗಳ ಜಾಗತಿಕ ಪ್ರಮಾಣ ಶೇ. 34 ಎಂದಾಯಿತು. ಎಲ್ಲಕ್ಕಿಂತ ಹೆಚ್ಚು ಏಷ್ಯಾದಲ್ಲಿ, ಅದರಲ್ಲೂ ಭಾರತದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಜಾಲ 2013ರಿಂದ ದೇಶದ ದೊಡ್ಡ ಆಸ್ಪತ್ರೆಗಳ ರೋಗಾಣುಗಳ ಲೆಕ್ಕ ಇಡುತ್ತಿದೆ. ಕಾರ್ಬಾಪೆನೆಮ್ ಗುಂಪಿನ ಇಮಿಪೆನೆಮ್‌ಗೆ ಬಗ್ಗುವ ಇ. ಕೋಲೈ 2016ರಲ್ಲಿ ಶೇ. 86 ಇದ್ದದ್ದು 2021ಕ್ಕೆ ಶೇ. 64ಕ್ಕೆ ಇಳಿದಿತ್ತು. ಕ್ಲೆಬ್ಸಿಯೆಲ್ಲಾ ಶೇ. 65ರಿಂದ 43ಕ್ಕೆ. ಅಂದರೆ ಯುರೋಪಿನವರು ಕೊನೆಯ ಮೆಟ್ಟಿಲೆಂದು ಕಾಯ್ದಿಟ್ಟುಕೊಂಡ ಔಷಧಿ ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಕ್ಲೆಬ್ಸಿಯೆಲ್ಲಾದ ಎದುರು ನಾಣ್ಯ ಚಿಮ್ಮಿದಂತೆ. ಇದರ ಹಿಂದಿರುವ ಕಿಣ್ವಗಳಲ್ಲಿ ಒಂದರ ಹೆಸರಿನಲ್ಲೇ ನಮ್ಮ ರಾಜಧಾನಿ ಇದೆ, ಎನ್‌ಡಿಎಂ ಎಂದು. 2010ರಲ್ಲಿ ಆ ಹೆಸರಿಗೆ ದೆಹಲಿಯಲ್ಲಿ ದೊಡ್ಡ ಸಿಟ್ಟು ಎದ್ದಿತು. ಹೆಸರಿನ ಮೇಲೆ ಖರ್ಚಾದ ಸಿಟ್ಟಿನಲ್ಲಿ ಚೂರು ಚರಂಡಿಗಳ ಮೇಲೂ ತಿರುಗಿದ್ದರೆ ಚೆನ್ನಾಗಿತ್ತು. ಎನ್‌ಡಿಎಂ ಇರುವ ರೋಗಾಣುವಿಗೆ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಎಂಬ ಹೊಸ ದುಬಾರಿ ಔಷಧಿಯೂ ಒಂಟಿಯಾಗಿ ನಾಟುವುದಿಲ್ಲ. ಜೊತೆಗೆ ಅಜ್‌ಟ್ರಿಯೊನಾಮ್ ಸೇರಿಸಬೇಕು. ಇಲ್ಲವೆಂದರೆ ಉಳಿಯುವುದು ಕೊಲಿಸ್ಟಿನ್, ಅಂದರೆ ಮತ್ತೆ ಕಿಡ್ನಿ.

ಹಾಗಾದರೆ ಎಲ್ಲರಿಗೂ ಮೊದಲ ದಿನವೇ ಮೆರೊಪೆನೆಮ್ ಹಾಕಿಬಿಡುವುದೇ? ಈ ಪ್ರಶ್ನೆಯ ಎರಡೂ ಬದಿಯಲ್ಲಿ ನಿಜವಿದೆ. ಬಿ.ಪಿ. ಬಿದ್ದು ಶಾಕ್‌ಗೆ ಹೋದ ರೋಗಿಯಲ್ಲಿ ಸರಿಯಾದ ಔಷಧಿ ಒಂದೊಂದು ಗಂಟೆ ತಡವಾದಂತೆಯೂ ಸಾವಿನ ಸಂಭವ ಏರುತ್ತದೆ. ಅಲ್ಲಿ ಅಗಲವಾದ ಬಲೆಯನ್ನೇ ಬೀಸಬೇಕು, ಜಿಪುಣತನಕ್ಕೆ ಜಾಗವಿಲ್ಲ. ಆದರೆ ಮೊದಲ ಸಲ ಹೊಟ್ಟೆ ನೀರು ಕಾಣಿಸಿಕೊಂಡು, ಎಂದೂ ಆಸ್ಪತ್ರೆಯ ಮೆಟ್ಟಿಲು ಹತ್ತದ, ಬಿ.ಪಿ. ನೆಟ್ಟಗಿರುವ ರೈತನಿಗೂ ಅದೇ ಬಲೆ ಬೀಸುವುದು ಅನುಕೂಲಕ್ಕೆ ಮಾಡುವ ಕೆಲಸ. ಅವನಿಗೆ ಸೆಫ್‌ಟ್ರಿಯಾಕ್ಸೋನ್‌ನಿಂದ ಆರಂಭಿಸಿ ಕಣ್ಣಿಟ್ಟು ಕಾಯಬಹುದು. ಕಾಯುವುದಕ್ಕೂ ಕ್ರಮವಿದೆ: 48 ಗಂಟೆಯ ಹೊತ್ತಿಗೆ ಮತ್ತೊಮ್ಮೆ ಸೂಜಿ. ನ್ಯೂಟ್ರೋಫಿಲ್ ಸಂಖ್ಯೆ ಮೊದಲಿನದಕ್ಕಿಂತ ಕಾಲು ಭಾಗವಾದರೂ ಇಳಿದಿರದಿದ್ದರೆ ಔಷಧಿ ನಾಟುತ್ತಿಲ್ಲ, ಇಲ್ಲವೇ ಇದು ತಾನಾಗಿ ಬಂದ ಸೋಂಕೇ ಅಲ್ಲ. ಎಲ್ಲೋ ಕರುಳು ತೂತಾಗಿರಬಹುದು. ಕಲ್ಚರಿನಲ್ಲಿ ಎರಡು ಮೂರು ಬಗೆಯ ರೋಗಾಣು ಒಟ್ಟಿಗೆ ಬೆಳೆದರೆ, ನೀರಿನ ಸಕ್ಕರೆ 50ಕ್ಕಿಂತ ಕೆಳಗಿದ್ದರೆ ಸರ್ಜನ್‌ರನ್ನು ಕರೆಯಬೇಕು. ಅಂಥಲ್ಲಿ ಯಾವ ಆಂಟಿಬಯೋಟಿಕ್ಕೂ ಚಾಕುವಿನ ಬದಲಿಗೆ ಬಾರದು. ಬಲೆ ಅಗಲ ಬೀಸಿದ್ದವರಿಗೂ ಇದೇ 48 ಗಂಟೆ ಹಿಂದೆ ಸರಿಯುವ ಸಮಯ. ಕಲ್ಚರಿನಲ್ಲಿ ಸೆಫ್‌ಟ್ರಿಯಾಕ್ಸೋನ್‌ಗೆ ಬಗ್ಗುವ ಇ. ಕೋಲೈ ಬಂದರೆ ಮೆರೊಪೆನೆಮ್ ನಿಲ್ಲಿಸಬೇಕು. ಹೇಳುವುದು ಸುಲಭ. ಮೆಲ್ಲಗೆ ಗುಣವಾಗುತ್ತಿರುವ ರೋಗಿಯ ಔಷಧಿಯನ್ನು 'ಸಣ್ಣದಕ್ಕೆ' ಇಳಿಸಲು ವೈದ್ಯರಿಗೂ ಧೈರ್ಯ ಸಾಲದು, ಮನೆಯವರೂ ಒಪ್ಪರು. ಆದರೆ ಹೀಗೆ ಇಳಿಸಬೇಕಾದರೆ ಕೈಯಲ್ಲಿ ಕಲ್ಚರ್ ಇರಬೇಕು. ಕಲ್ಚರ್ ಇರಬೇಕಾದರೆ ಮೊದಲ ಇಂಜೆಕ್ಷನ್‌ಗೆ ಮುಂಚೆ ಬಾಟಲಿ ತುಂಬಿರಬೇಕು.

ಡೋಸಿನ ವಿಚಾರದಲ್ಲೂ 'ಲಿವರ್ ಕೆಟ್ಟಿದೆ, ಅರ್ಧ ಕೊಡೋಣ' ಎಂಬ ಕರುಣೆ ಹಾನಿಕರ. ಹೊಟ್ಟೆಯಲ್ಲಿ ಎಂಟು ಹತ್ತು ಲೀಟರ್ ನೀರು, ಕಾಲಿನಲ್ಲಿ ಬಾವು. ಔಷಧಿ ಅಷ್ಟರಲ್ಲೂ ಹರಡಿಕೊಂಡು ತೆಳುವಾಗುತ್ತದೆ. ಮೊದಲ ಡೋಸ್ ಪೂರ್ತಿ ಕೊಡಬೇಕು, ಮುಂದಿನವನ್ನು ಕಿಡ್ನಿ ನೋಡಿ ತೂಗಬೇಕು. ಮೆರೊಪೆನೆಮ್, ಪಿಪೆರಾಸಿಲಿನ್‌ಗಳನ್ನು ಒಮ್ಮೆಲೇ ಚುಚ್ಚದೆ ಗಂಟೆಗಟ್ಟಲೆ ನಿಧಾನಕ್ಕೆ ಹರಿಸಿದರೆ ಲಾಭ ಹೆಚ್ಚೆಂಬ ಸೂಚನೆಗಳಿವೆ. ನಿಜಕ್ಕೂ ಲಿವರ್ ನೋಡಿ ಇಳಿಸಬೇಕಾದವು ಕೆಲವೇ: ಟೈಗೆಸೈಕ್ಲಿನ್ ಒಂದು, ಮೆಟ್ರೊನಿಡಜೋಲ್ ಇನ್ನೊಂದು. ಎರಡನೆಯದು ದೇಹದಲ್ಲಿ ಶೇಖರವಾದರೆ ತೂರಾಟ, ತೊದಲು ಬರುತ್ತವೆ. ಲಿವರ್‌ನಿಂದಾದ ಮಂಕು ಎಂದೇ ಎಲ್ಲರೂ ತಿಳಿದುಕೊಳ್ಳುತ್ತಾರೆ.

ಔಷಧಿ ಆರಿಸುವವರಿಗೆ ಊರಿನ ರೋಗಾಣುಗಳ ನಕ್ಷೆಯೂ ಗೊತ್ತಿರಬೇಕು. ಕರಾವಳಿಯ ವಿಷಯ ಅದಕ್ಕೆ ಒಳ್ಳೆಯ ಉದಾಹರಣೆ. ಉಡುಪಿ, ದಕ್ಷಿಣ ಕನ್ನಡದ ಕೆಂಪು ಮಣ್ಣಿನಲ್ಲಿ, ಗದ್ದೆಯ ಕೆಸರಿನಲ್ಲಿ ಬರ್ಖೋಲ್ಡೇರಿಯಾ ಸೂಡೋಮಲೈ ಎಂಬ ಬ್ಯಾಕ್ಟೀರಿಯಾ ಇದೆ. ಅದು ತರುವ ಮೆಲಿಯಾಯ್ಡೋಸಿಸ್ ಮಳೆಗಾಲದ ಕಾಯಿಲೆ. ಸಕ್ಕರೆ ಕಾಯಿಲೆಯವರನ್ನೂ ಕುಡಿತದವರನ್ನೂ ಹುಡುಕಿಕೊಂಡು ಬರುತ್ತದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನವರು ಇದನ್ನು ವರ್ಷಗಳಿಂದ ದಾಖಲಿಸುತ್ತ ಬಂದಿದ್ದಾರೆ. 1912ರಲ್ಲಿ ರಂಗೂನಿನಲ್ಲಿ ಇದನ್ನು ಮೊದಲು ಕಂಡು ಬರೆದ ಇಬ್ಬರಲ್ಲಿ ಒಬ್ಬರ ಹೆಸರು ಕೃಷ್ಣಸ್ವಾಮಿ, ಇನ್ನೊಬ್ಬರು ವಿಟ್‌ಮೋರ್. ಕಾಯಿಲೆಗೆ ಬಹುಕಾಲ ವಿಟ್‌ಮೋರ್ ಹೆಸರು ಮಾತ್ರ ಅಂಟಿಕೊಂಡಿತ್ತು. ಗದ್ದೆಯಲ್ಲಿ ನಾಟಿ ಮಾಡಿಬಂದ ಸಿರೋಸಿಸ್ ರೋಗಿಗೆ ಜ್ವರ, ಲಿವರ್‌ನಲ್ಲೋ ಗುಲ್ಮದಲ್ಲೋ ಕೀವು ಗಂಟು ಎಂದರೆ ಇಲ್ಲಿ ಇದು ನೆನಪಾಗಬೇಕು. ಪ್ರಯೋಗಾಲಯದಲ್ಲಿ ಇದನ್ನು ಬೇರೆ ಯಾವುದೋ ಸೂಡೋಮೊನಾಸ್ ಎಂದು ತಳ್ಳಿಹಾಕುವುದು ಸುಲಭ. ಸೆಫ್‌ಟ್ರಿಯಾಕ್ಸೋನ್ ಇಲ್ಲಿ ಸಾಲದು. ಬೇಕಿರುವುದು ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್, ಎರಡು ವಾರವಾದರೂ. ಆಮೇಲೆ ತಿಂಗಳುಗಟ್ಟಲೆ ಕೋಟ್ರೈಮೊಕ್ಸಜೋಲ್ ಮಾತ್ರೆ. ಪಡುವಾದಲ್ಲಿ ಸೋತ ಸೆಫ್ಟಾಜಿಡಿಮ್ ಕುಂದಾಪುರದಲ್ಲಿ ಜೀವ ಉಳಿಸಬಹುದು.

ಇನ್ನು ಕ್ಷಯ. ಸಿರೋಸಿಸ್‌ನ ಹೊಟ್ಟೆನೀರಿನಲ್ಲೇ ಕ್ಷಯವೂ ಸೇರಿಕೊಳ್ಳುವುದು ನಮ್ಮ ದೇಶದ ತಾಪತ್ರಯ. ನೀರಿನಲ್ಲಿ ನ್ಯೂಟ್ರೋಫಿಲ್ ಬದಲು ಲಿಂಫೋಸೈಟುಗಳೇ ಹೆಚ್ಚಿದ್ದರೆ ಅನುಮಾನಿಸಬೇಕು. ಇಂಥವರಿಗೆ ಲೀವೋಫ್ಲಾಕ್ಸಾಸಿನ್ ಥರದ ಔಷಧಿಯನ್ನು ಅಂದಾಜಿನ ಮೇಲೆ ಹತ್ತು ದಿನ ಕೊಟ್ಟರೆ, ಅದು ಕ್ಷಯದ ರೋಗಾಣುವನ್ನು ಅರ್ಧ ಮಲಗಿಸಿ, ಜ್ವರ ಇಳಿಸಿ, ಪತ್ತೆಯನ್ನು ತಿಂಗಳು ಮುಂದಕ್ಕೆ ಹಾಕುತ್ತದೆ. ಪತ್ತೆಯಾದ ಮೇಲೂ ಎಲ್ಲರಿಗೂ ಕೊಡುವ ಸಿದ್ಧ ಮಾತ್ರೆ ಇವರಿಗಲ್ಲ. ಐಸೋನಿಯಾಜಿಡ್, ರಿಫಾಂಪಿಸಿನ್, ಪಿರಾಜಿನಮೈಡ್ ಮೂರೂ ಲಿವರ್‌ಗೆ ಪೆಟ್ಟು ಕೊಡುವವು. ಪಿರಾಜಿನಮೈಡ್ ಮೊದಲು ಬಿಡಬೇಕಾದದ್ದು, ಲಿವರ್ ಕೆಟ್ಟಷ್ಟೂ ಉಳಿದವೂ ಒಂದೊಂದಾಗಿ ಜಾರುತ್ತವೆ. ಸೇಂಟ್ ಜಾನ್ಸ್‌ನ ಆ ಶೇ. 58 ಇಲ್ಲಿ ನೆನಪಿರಲಿ.

ಸೋಂಕು ಬಾರದ ಹಾಗೆ ಮೊದಲೇ ಔಷಧಿ ಕೊಡುವುದು ಈ ಕ್ಷೇತ್ರದ ಅತಿ ದೊಡ್ಡ ಆಸೆಯೂ ಹೌದು, ತಲೆನೋವೂ ಹೌದು. ರಕ್ತವಾಂತಿಯಾಗಿ ಬಂದವರ ವಿಷಯದಲ್ಲಿ ಜಗಳವಿಲ್ಲ: ಸೆಫ್‌ಟ್ರಿಯಾಕ್ಸೋನ್ ದಿನಕ್ಕೆ ಒಂದು ಗ್ರಾಂ, ಹೆಚ್ಚೆಂದರೆ ಏಳು ದಿನ. 2006ರ ಪ್ರಯೋಗದಲ್ಲಿ ಲಿವರ್ ತುಂಬ ಕೆಟ್ಟವರಲ್ಲಿ ನಾರ್‌ಫ್ಲಾಕ್ಸಾಸಿನ್ ಕೊಟ್ಟಾಗ ಶೇ. 33 ಮಂದಿಗೆ ಸೋಂಕಾದರೆ ಸೆಫ್‌ಟ್ರಿಯಾಕ್ಸೋನ್ ಕೊಟ್ಟಾಗ ಶೇ. 11. ಒಮ್ಮೆ ಹೊಟ್ಟೆನೀರಿನ ಸೋಂಕು ಬಂದು ವಾಸಿಯಾದವರಿಗೆ ದಿನಾ ಒಂದು ನಾರ್‌ಫ್ಲಾಕ್ಸಾಸಿನ್ ಮಾತ್ರೆ ಎಂಬ ಪದ್ಧತಿ 1990ರದ್ದು. ಅಂದು ಮರುಕಳಿಸುವ ಸಂಭವ ವರ್ಷಕ್ಕೆ ಶೇ. 68ರಿಂದ 20ಕ್ಕೆ ಇಳಿದಿತ್ತು. ಆ ಅಂಕಿ ಬಂದ ಕಾಲದ ಕರುಳೂ ಬೇರೆ, ಆ ಊರೂ ಬೇರೆ. ನಮ್ಮಲ್ಲಿ ಮದುವೆ ಊಟ ಮಾಡಿ ಭೇದಿಯಾದರೆ ಮೆಡಿಕಲ್ ಶಾಪಿಗೆ ಹೋಗಿ ಎರಡು ನಾರ್‌ಫ್ಲಾಕ್ಸಾಸಿನ್ ಮಾತ್ರೆ ಕತ್ತರಿಸಿಕೊಂಡು ಬರುವುದು ದಶಕಗಳ ರೂಢಿ. 2014ರ ಮಾರ್ಚ್ 1ರಿಂದ ಷೆಡ್ಯೂಲ್ ಎಚ್1 ನಿಯಮ ಬಂದು ಸೆಫಿಕ್ಸಿಮ್‌ನಂಥವನ್ನು ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದಕ್ಕೂ ಲೆಕ್ಕ ಬರೆದಿಡಬೇಕು ಎಂದಾಯಿತು. ಲೆಕ್ಕದ ಪುಸ್ತಕ ಎಷ್ಟು ಅಂಗಡಿಗಳಲ್ಲಿ ತೆರೆದಿದೆ ಎಂದು ಕೇಳಬಾರದು. ಇಂಥ ಕರುಳುಗಳಿಗೆ ನಾರ್‌ಫ್ಲಾಕ್ಸಾಸಿನ್‌ನ ಕಾವಲು ಎಷ್ಟರ ಮಟ್ಟಿನದು? ಒಮ್ಮೆ ಸೋಂಕಾದವರಿಗೆ ಈ ಮಾತ್ರೆ ಇಂದಿಗೂ ಸಮರ್ಥನೀಯ ಎನ್ನುವುದು ನನ್ನ ತೀರ್ಮಾನ. ಎಂದೂ ಸೋಂಕಾಗದವರಿಗೆ, ಬರೀ ಹೊಟ್ಟೆಯಲ್ಲಿ ನೀರಿದೆ ಎಂಬ ಕಾರಣಕ್ಕೆ, ಅಲ್ಲ. 2018ರಲ್ಲಿ ಫ್ರಾನ್ಸಿನ ದೊಡ್ಡ ಪ್ರಯೋಗದಲ್ಲಿ ಆರು ತಿಂಗಳು ನಾರ್‌ಫ್ಲಾಕ್ಸಾಸಿನ್ ಕೊಟ್ಟರೂ ಒಟ್ಟಾರೆ ಸಾವು ಇಳಿಯಲಿಲ್ಲ. ಕಾವಲಿನ ಮಾತ್ರೆ ತಿನ್ನುತ್ತಿದ್ದಾಗಲೇ ಸೋಂಕಾಗಿ ಬಂದವರಿಗೆ ಅದೇ ಗುಂಪಿನ ಸಿಪ್ರೊಫ್ಲಾಕ್ಸಾಸಿನ್, ಲೀವೋಫ್ಲಾಕ್ಸಾಸಿನ್ ಹಾಕಿ ಪ್ರಯೋಜನವಿಲ್ಲ ಎನ್ನುವುದು ಹೇಳಬೇಕಾಗಿಯೇ ಇಲ್ಲದ ಮಾತು, ಆದರೂ ಹೇಳಬೇಕಾಗುತ್ತದೆ. ಇನ್ನೊಂದು ಸುಲಭದ ಕಾವಲನ್ನು ಯಾರೂ ಗಮನಿಸುವುದಿಲ್ಲ: 'ಗ್ಯಾಸ್ಟ್ರಿಕ್'ಗೆಂದು ವರ್ಷಗಟ್ಟಲೆ ನುಂಗುವ ಪ್ಯಾಂಟೊಪ್ರಜೋಲ್ ಸೋಂಕಿಗೆ ಬಾಗಿಲು ತೆರೆಯುತ್ತದೆಂಬ ಅನುಮಾನ ಗಟ್ಟಿಯಾಗಿದೆ. ಕಾರಣವಿಲ್ಲದಿದ್ದರೆ ಅದನ್ನು ನಿಲ್ಲಿಸಬಹುದು.

ಸಿರೋಸಿಸ್ ರೋಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗುವಾಗ ಹೆಂಡತಿಯ ಕೈಯಲ್ಲೊಂದು ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್ ಇರುತ್ತದೆ. ತಾಲ್ಲೂಕು, ಜಿಲ್ಲೆ, ಬೆಂಗಳೂರು, ಮೂರು ಕಡೆಯ ಕಾಗದಗಳೂ ಅದರಲ್ಲೇ. ಹೊಸ ವಾರ್ಡಿನ ಡ್ಯೂಟಿ ಡಾಕ್ಟರ್ ಅದನ್ನು ಮಂಚದ ಮೇಲೆ ಸುರಿದು ಕಲ್ಚರ್ ರಿಪೋರ್ಟ್ ಹುಡುಕುತ್ತಾರೆ. ಕಳೆದ ತಿಂಗಳು ಯಾವ ರೋಗಾಣು ಬೆಳೆದಿತ್ತು, ಯಾವುದಕ್ಕೆ ಬಗ್ಗಿತ್ತು ಎಂದು ಗೊತ್ತಾದರೆ ಇವತ್ತಿನ ಅರ್ಧ ಕೆಲಸ ಮುಗಿದಂತೆ. ಎಕ್ಸ್‌ರೇ ಸಿಗುತ್ತದೆ, ಮೂರು ಸ್ಕ್ಯಾನ್ ಸಿಗುತ್ತವೆ, ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಆಂಟಿಬಯೋಟಿಕ್ ಕೊಡಲಾಯಿತು' ಎಂಬ ಒಂದು ಸಾಲು ಸಿಗುತ್ತದೆ. ಮೆರೊಪೆನೆಮ್ 28 ವೈಯಲ್‌ಗಳ ಬಿಲ್ಲೂ ಸಿಗುತ್ತದೆ. ಡಾಕ್ಟರ್ ಬಿಲ್ಲನ್ನು ಮಡಚಿ ಕವರಿಗೆ ಹಾಕಿ, ನರ್ಸ್ ಕಡೆ ತಿರುಗಿ, ಎರಡು ಕಲ್ಚರ್ ಬಾಟಲಿ ತನ್ನಿ ಎನ್ನುತ್ತಾರೆ.